ಯಾವ ತಿಂಡಿ, ಎಷ್ಟು ಹೊತ್ತಿಗೆ: ಹೋಟೆಲ್ ಹೇಳುವ ಬಗೆ

"ಒಳ್ಳೆ ಹೋಟೆಲ್ ಯಾವುದಿದೆ ಹೇಳಿ" ಎಂದು ಯಾರಾದರೂ ಕೇಳಿದ ತಕ್ಷಣ ನಾವು ಒಂದು ಹೆಸರು ಹೇಳಿಬಿಡುತ್ತೇವೆ. ಕೇಳಿದವರು ಆ ಹೆಸರು ಹಿಡಿದುಕೊಂಡು ಹೋಗುತ್ತಾರೆ. ಹೇಳಿದವರು ಅಲ್ಲಿ ಬೆಳಿಗ್ಗೆ ಏಳೂವರೆಗೆ ದೋಸೆ ತಿಂದು ಮೆಚ್ಚಿದ್ದರು. ಇವರು ತಲುಪುವುದು ಮಧ್ಯಾಹ್ನ ಮೂರೂವರೆಗೆ, ತರಿಸಿಕೊಳ್ಳುವುದು ಗೋಬಿ ಮಂಚೂರಿ. ವಾಪಸ್ ಬಂದು "ಅಂಥದ್ದೇನೂ ಇಲ್ಲಪ್ಪ ಅಲ್ಲಿ" ಅನ್ನುತ್ತಾರೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೊದಲು ಹೇಳಿದ ಮಾತೇ ಅರ್ಧ ಆಗಿತ್ತು.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟು: ಹೋಟೆಲ್ ಹೇಳುವಾಗ ತಿಂಡಿಯ ಹೆಸರು, ಹೊತ್ತು, ವಾರ, ಕಾಲಮಾನ ನಾಲ್ಕನ್ನೂ ಸೇರಿಸಿ ಹೇಳಿ. ಬರೀ ಹೆಸರಿನಿಂದ ಹಸಿದವನಿಗೆ ಉಪಯೋಗವಿಲ್ಲ. ಇದಕ್ಕೆ ಕಾರಣ ಅಡುಗೆಮನೆಯಲ್ಲಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಇಡ್ಲಿ ಹಿಟ್ಟನ್ನು ತೆಗೆದುಕೊಳ್ಳಿ. ಉದ್ದಿನಬೇಳೆ ಒಂದು ಪಾಲಾದರೆ ಅಕ್ಕಿ ಅಥವಾ ಅಕ್ಕಿತರಿ ಎರಡರಿಂದ ಮೂರು ಪಾಲು. ಹಿಂದಿನ ದಿನ ಸಂಜೆ ರುಬ್ಬಿ ಇಟ್ಟರೆ ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಹುದುಗು ಬರುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಹನ್ನೆರಡು ಗಂಟೆ ಕಳೆದರೂ ಹಿಟ್ಟು ಮೇಲೇಳದೆ ಕೂತಿರುವುದುಂಟು. ಬೇಳೆ ಮತ್ತು ಅಕ್ಕಿಯಲ್ಲೇ ಇರುವ ಸೂಕ್ಷ್ಮಜೀವಿಗಳು ಒಂದು ಕಡೆ ಗಾಳಿಗುಳ್ಳೆ ಹುಟ್ಟಿಸುತ್ತವೆ, ಇನ್ನೊಂದು ಕಡೆ ಹುಳಿ ಹುಟ್ಟಿಸುತ್ತವೆ. ಉದ್ದಿನ ಜಿಗುಟು ಆ ಗುಳ್ಳೆಗಳನ್ನು ಹಿಡಿದಿಡುತ್ತದೆ. ಗುಳ್ಳೆ ತುಂಬಿದ್ದು ಹುಳಿ ಇನ್ನೂ ಮಿತಿಯಲ್ಲಿರುವ ಹೊತ್ತೇ ಇಡ್ಲಿಗೆ ಒಳ್ಳೆಯ ಹೊತ್ತು. ಹೋಟೆಲಿನಲ್ಲಿ ಅದು ಸಾಮಾನ್ಯವಾಗಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ. ಹತ್ತೂವರೆ ದಾಟಿದ ಮೇಲೆ ಅದೇ ಪಾತ್ರೆಯ ತಳದ ಹಿಟ್ಟು ಸೌಟು ಆಡಿ ಆಡಿ ಗಾಳಿ ಕಳೆದುಕೊಂಡಿರುತ್ತದೆ, ಹುಳಿಯೂ ಏರಿರುತ್ತದೆ. ಇಡ್ಲಿ ಚಪ್ಪಟೆಯಾಗಿ, ಸ್ವಲ್ಪ ಅಂಟಂಟಾಗಿ ಬರುತ್ತದೆ. ಅದೇ ಹೋಟೆಲು, ಅದೇ ಭಟ್ಟರು, ಬೇರೆ ಇಡ್ಲಿ.

ಹುದುಗು ಬಾರದ ಹಿಟ್ಟನ್ನು ಏಳಿಸಲು ಕೆಲವು ಕಡೆ ಅಡುಗೆ ಸೋಡ ಹಾಕುತ್ತಾರೆ. ಅದನ್ನು ಗುರುತಿಸುವುದು ಕಷ್ಟವಲ್ಲ. ಇಡ್ಲಿಯನ್ನು ಎರಡು ಭಾಗ ಮಾಡಿ ಒಳಗೆ ನೋಡಿ. ಹುದುಗಿನಿಂದ ಎದ್ದ ಇಡ್ಲಿಯಲ್ಲಿ ರಂಧ್ರಗಳು ಸಣ್ಣದಾಗಿ, ಒಂದೇ ಸಮನಾಗಿ ಇರುತ್ತವೆ. ಒತ್ತಿದರೆ ಮತ್ತೆ ಮೇಲೆ ಬರುತ್ತದೆ. ಸೋಡ ಹೆಚ್ಚಾದ ಇಡ್ಲಿಯಲ್ಲಿ ದೊಡ್ಡ ತೂತುಗಳು, ಬಣ್ಣದಲ್ಲಿ ತುಸು ಹಳದಿ, ಬಾಯಲ್ಲಿ ಸೋಪಿನಂಥ ಒಗರು. ರವೆ ಇಡ್ಲಿಯ ಮಾತು ಬೇರೆ. ಎರಡನೇ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನಿಂದ (ಎಂಟಿಆರ್) ಬಂದ ತಿಂಡಿ ಅದು ಎಂದೇ ಎಲ್ಲರೂ ಹೇಳುವುದು. ಗೋಧಿ ರವೆಯನ್ನು ರಾತ್ರಿಯಿಡೀ ಹುದುಗಿಸುವ ಪದ್ಧತಿ ಅದರಲ್ಲಿಲ್ಲ. ಮೊಸರು ಮತ್ತು ಸೋಡ ಸೇರಿ ತಕ್ಷಣ ಎಬ್ಬಿಸುವ ತಿಂಡಿ ಅದು. ಅಲ್ಲಿ ಸೋಡ ಕಂಡು "ಕಲಬೆರಕೆ" ಎಂದು ಬರೆದರೆ ತಪ್ಪಾಗುತ್ತದೆ.

ದೋಸೆಗೆ ಹಿಟ್ಟಿನ ಜೊತೆಗೆ ಕಾವಲಿಯೂ ಲೆಕ್ಕಕ್ಕೆ ಬರುತ್ತದೆ. ಹೋಟೆಲಿನ ಕಾವಲಿ ಒಂದೇ ಸಲಕ್ಕೆ ಎಂಟು, ಹತ್ತು, ಹನ್ನೆರಡು ದೋಸೆ ಹಿಡಿಯುತ್ತದೆ. ನಡುವೆ ಕಾವು ಹೆಚ್ಚು, ಅಂಚಿನಲ್ಲಿ ಕಡಿಮೆ. ಭಟ್ಟರು ಪ್ರತಿ ಸುತ್ತಿಗೂ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಗುಡಿಸುವುದು ಬರೀ ಶುಚಿಗಾಗಿ ಎಂದುಕೊಳ್ಳಬೇಡಿ. ಕಾವು ಇಳಿಸುವುದಕ್ಕೂ ಅದೇ ಉಪಾಯ. ಕಾವು ಮಿತಿಮೀರಿದರೆ ಹಿಟ್ಟು ಬಿದ್ದ ಕಡೆಯೇ ಹಿಡಿದುಕೊಂಡು, ಹರಡಲು ಹೋದಾಗ ಸೌಟಿನ ಜೊತೆ ಎದ್ದು ಬರುತ್ತದೆ. ಕಾವು ಸಾಲದಿದ್ದರೆ ದೋಸೆ ಬೇಯುತ್ತದೆ, ಕೆಂಪಾಗುವುದಿಲ್ಲ. ಹಾಗಾಗಿ ಬಾಗಿಲು ತೆಗೆದ ಕೂಡಲೇ ಹಾಕಿದ ಮೊದಲ ಸುತ್ತಿನ ದೋಸೆಗಿಂತ ಮೂರನೆಯ, ನಾಲ್ಕನೆಯ ಸುತ್ತಿನ ದೋಸೆ ಚೆನ್ನಾಗಿರುತ್ತದೆ. ಅದೇ ರೀತಿ ಸಂಜೆ ನಾಲ್ಕಕ್ಕೆ ಫ್ರಿಜ್ಜಿನಿಂದ ತೆಗೆದ ತಣ್ಣನೆ ಹಿಟ್ಟು ಕಾವಲಿಯ ಕಾವನ್ನು ಎಳೆದುಕೊಳ್ಳುತ್ತದೆ. ದೋಸೆ ಬಿಳಿಚಿಕೊಂಡು, ಮೆತ್ತಗೆ ಬರುತ್ತದೆ. ಸಂಜೆಗೆಂದು ಬೇರೆಯಾಗಿ ಹಿಟ್ಟು ರುಬ್ಬುವ ಹೋಟೆಲುಗಳೂ ಇವೆ. ಅಂಥ ಕಡೆ ಸಂಜೆಯ ದೋಸೆಯೂ ಬೆಳಗಿನಷ್ಟೇ ಚೆನ್ನಾಗಿರುತ್ತದೆ. "ಸಂಜೆಗೆ ಹಿಟ್ಟು ಬೇರೆ ರುಬ್ಬುತ್ತೀರಾ?" ಎಂದು ಗಲ್ಲಾದಲ್ಲಿ ಕೇಳಿದರೆ ಬಹುಪಾಲು ಜನ ನೇರವಾಗಿಯೇ ಹೇಳುತ್ತಾರೆ. ಕೇಳಿ ತಿಳಿದುಕೊಂಡು ನಿಮ್ಮ ಶಿಫಾರಸಿಗೆ ಆ ಒಂದು ಸಾಲು ಸೇರಿಸಿದರೆ ಹತ್ತು ಜನಕ್ಕೆ ಅನುಕೂಲ.

ಚಟ್ನಿ ಇನ್ನೂ ಸೂಕ್ಷ್ಮ. ಹಸಿ ತೆಂಗಿನಕಾಯಿ ರುಬ್ಬಿದ ಚಟ್ನಿ ಬೇಸಿಗೆಯಲ್ಲಿ ಹೊರಗಿಟ್ಟರೆ ಮೂರು ನಾಲ್ಕು ಗಂಟೆಯಲ್ಲಿ ಹಳಸಲು ಶುರುವಾಗುತ್ತದೆ. ಗಿರಾಕಿ ಹೆಚ್ಚಿರುವ ಹೋಟೆಲಿನಲ್ಲಿ ಅರ್ಧ ಗಂಟೆಗೊಮ್ಮೆ ಹೊಸ ಚಟ್ನಿ ಬರುತ್ತಿರುತ್ತದೆ, ತೊಂದರೆ ಇಲ್ಲ. ಗಿರಾಕಿ ಕಡಿಮೆಯಿರುವ ಹೋಟೆಲಿನಲ್ಲಿ ಬೆಳಗಿನ ಚಟ್ನಿಯೇ ಹನ್ನೊಂದಕ್ಕೂ ಬರುತ್ತದೆ. ಮೊದಲು ಮೂಸಿ, ಆಮೇಲೆ ಬಾಯಿಗಿಡಿ. ಹುರಿಗಡಲೆ ಹೆಚ್ಚು ಹಾಕಿ ಕಾಯಿ ಕಡಿಮೆ ಮಾಡಿದ ಚಟ್ನಿ ತಟ್ಟೆಯಲ್ಲಿ ಗಟ್ಟಿಯಾಗಿ ಕೂರುತ್ತದೆ, ನಾಲಿಗೆಗೆ ಹಿಟ್ಟಿನಂತೆ ಅಂಟುತ್ತದೆ. ಕಾಯಿ ಹೆಚ್ಚಿರುವುದು ಹರಿಯುತ್ತದೆ, ಅಂಚಿನಲ್ಲಿ ತೆಳು ಹಾಲಿನ ನೀರು ಬಿಡುತ್ತದೆ. ನೀರಾಗಿದೆ ಎಂದು ಬೇಸರ ಪಡುವ ಮುನ್ನ ರುಚಿ ನೋಡಿ. ಸಾಂಬಾರಿನ ಕಥೆ ತಿರುವುಮುರುವು. ಎಂಟು ಗಂಟೆಯ ಸಾಂಬಾರು ತೆಳ್ಳಗಿರುತ್ತದೆ. ಸಣ್ಣ ಉರಿಯ ಮೇಲೆಯೇ ಕೂತು ಹತ್ತರ ಹೊತ್ತಿಗೆ ಬೇಳೆ ಕರಗಿ ಹದಕ್ಕೆ ಬರುತ್ತದೆ. ಆಮೇಲೆ ನೀರು ಹೊಯ್ದು ಲಂಬಿಸಿದರೆ ಪುಡಿಯ ಘಮ ಹೋಗಿ ಖಾರ ಮಾತ್ರ ಉಳಿಯುತ್ತದೆ. ಇಡ್ಲಿ ಸಾಂಬಾರಿನ ಬಗ್ಗೆ ಬರೆಯುವಾಗ ಡಿಪ್ ಮಾಡಿಸಿಕೊಂಡಿರಾ, ಬೇರೆ ಬಟ್ಟಲಲ್ಲಿ ತಂದುಕೊಂಡಿರಾ ಎಂಬುದನ್ನೂ ಹೇಳಿ. ಡಿಪ್ ಮಾಡಿದ ಇಡ್ಲಿ ಐದು ನಿಮಿಷ ಕಳೆದರೆ ಹಿಟ್ಟಿನ ರುಚಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಈಗ ಒಂದು ದೊಡ್ಡ ಗೊಂದಲಕ್ಕೆ ಬರುತ್ತೇನೆ. ಶೈಲಿ ಬೇರೆ, ದೋಷ ಬೇರೆ. ಬೆಂಗಳೂರಿನ ಶಂಕರಪುರದಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ ವಡೆಗೆ ಚಟ್ನಿ ಮಾತ್ರ. ಸಾಂಬಾರು ಮಾಡುವುದೇ ಇಲ್ಲ. ಅಲ್ಲಿಗೆ ಹೋಗಿ "ಸಾಂಬಾರ್ ಕೊಡಲಿಲ್ಲ" ಎಂದು ದೂರುವುದರಲ್ಲಿ ಅರ್ಥವಿಲ್ಲ. ಬದಲಿಗೆ ಹೇಳುವವರೇ ಮೊದಲು ಹೇಳಬೇಕು: "ಸಾಂಬಾರ್ ಇರುವುದಿಲ್ಲ, ಚಟ್ನಿಗಾಗಿಯೇ ಹೋಗಿ." ಮೈಸೂರಿನ ನಜರ್‌ಬಾದಿನ ಮೈಲಾರಿ ದೋಸೆ ಮೆತ್ತಗೆ, ಒಳಗೆ ಸಾಗು, ಮೇಲೆ ಬೆಣ್ಣೆ. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದ ಮಸಾಲೆ ದೋಸೆ ದಪ್ಪ, ಹೊರಗೆ ಗರಿ, ಒಳಗೆ ಮಿದು. ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆದರೆ ಎರಡಕ್ಕೂ ಅನ್ಯಾಯ. ಉಡುಪಿ ಕಡೆಯ ಸಾಂಬಾರಿನಲ್ಲಿ ಬೆಲ್ಲ ಇರುತ್ತದೆ, ಅದು ಆ ಪಾಕದ ರೀತಿ. ಹಳಸಿದ ಚಟ್ನಿ, ತಣ್ಣಗಾದ ವಡೆ, ಸೀದ ಒಗ್ಗರಣೆ, ಇವು ದೋಷ. ಬರೆಯುವಾಗ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ದಾವಣಗೆರೆ ಬೆಣ್ಣೆದೋಸೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆ ಹೆಸರಿನ ಫಲಕ ಈಗ ರಾಜ್ಯದ ಎಲ್ಲ ಊರಿನಲ್ಲೂ ಇದೆ. ಅದರ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಬೀಳುತ್ತದೆ. ದೋಸೆಯ ಒಳಭಾಗ ಹತ್ತಿಯಂತೆ ಹಗುರವಾಗುವುದು ಅದರಿಂದ. ಜೊತೆಗೆ ಕೊಡುವುದು ಅರಿಸಿನ ಹಾಕದ ಬಿಳಿ ಆಲೂಗೆಡ್ಡೆ ಪಲ್ಯ ಮತ್ತು ಹಸಿಮೆಣಸಿನಕಾಯಿಯ ತೆಳು ಕಾಯಿಚಟ್ನಿ. ಹಳೆಯ ಕಡೆಗಳಲ್ಲಿ ಸೌದೆ ಒಲೆ. ಬೆಣ್ಣೆಯದೇ ಮುಖ್ಯ ಪ್ರಶ್ನೆ. ನಿಜವಾದ ಬೆಣ್ಣೆ ಕಾವಲಿಗೆ ಬಿದ್ದಾಗ ನೊರೆ ಬರುತ್ತದೆ, ಅದರಲ್ಲಿರುವ ಹಾಲಿನ ಅಂಶ ಕಂದುಬಣ್ಣಕ್ಕೆ ತಿರುಗಿ ತುಪ್ಪ ಕಾಯಿಸುವಾಗಿನ ಘಮ ಹೊಮ್ಮುತ್ತದೆ. ವನಸ್ಪತಿ ಹಾಕಿದರೆ ನೊರೆ ಇಲ್ಲ, ಆ ಘಮವೂ ಇಲ್ಲ. ದೋಸೆ ಆರಿದ ಮೇಲೆ ಅಂಗುಳಕ್ಕೆ ಮೇಣದಂತೆ ಅಂಟಿಕೊಳ್ಳುತ್ತದೆ. ಕಾವಲಿ ಕಾಣುವ ಕಡೆ ನಿಂತು ಎರಡು ನಿಮಿಷ ನೋಡಿದರೆ ಗೊತ್ತಾಗುತ್ತದೆ. ಮೂರು ದೋಸೆ ತಿನ್ನುವ ಆಸೆಯಿದ್ದರೆ ಮೊದಲನೆಯದು ಬೆಣ್ಣೆದೋಸೆ ಇರಲಿ, ಮುಂದಿನದು ಖಾಲಿ ದೋಸೆ. ಬೆಣ್ಣೆ ಹೊಟ್ಟೆಗೆ ಹೋದ ಮೇಲೆ ಎರಡನೆಯ ಬೆಣ್ಣೆದೋಸೆಯ ರುಚಿ ಅಷ್ಟಾಗಿ ತಿಳಿಯುವುದಿಲ್ಲ.

ವಡೆ, ಬೋಂಡ, ಮಿರ್ಚಿಭಜಿಯ ವಿಷಯ ಬೇಗ ಮುಗಿಸುತ್ತೇನೆ. ಎಣ್ಣೆ ನೋಡಿ. ಕಪ್ಪಾಗಿ, ದಪ್ಪಗಾಗಿ, ಏನೂ ಹಾಕದಿದ್ದಾಗಲೂ ನೊರೆ ಹಿಡಿದಿದ್ದರೆ ಅದು ಬಹಳ ಸಲ ಕಾದ ಎಣ್ಣೆ. ಕಾಯಿಸಿ ಕಾಯಿಸಿ ಕೆಟ್ಟ ಎಣ್ಣೆಗೆ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ ಒಂದು ಮಿತಿ ಹಾಕಿದೆ; ಎಣ್ಣೆ ಒಡೆದು ಹುಟ್ಟುವ ಪೋಲಾರ್ ಅಂಶ ಶೇಕಡಾ 25 ಮೀರಿದರೆ ಅದನ್ನು ಬಳಸುವಂತಿಲ್ಲ. ನಿಮ್ಮ ಹತ್ತಿರ ಅಳೆಯುವ ಯಂತ್ರ ಇರುವುದಿಲ್ಲ. ಕಣ್ಣು ಮೂಗು ಸಾಕು.

ಇಲ್ಲಿ ಸ್ವಲ್ಪ ದೂರ ಹೋಗಿ ಬರುತ್ತೇನೆ. ತಿನ್ನುವವರೇ ಹೋಟೆಲ್ ಹೇಳುವ ಪದ್ಧತಿಯನ್ನು ಶಿಸ್ತಿಗೆ ತಂದವರು ಇಂಗ್ಲೆಂಡಿನವರು. ಯುದ್ಧ ಮುಗಿದರೂ ಅಲ್ಲಿ ಪಡಿತರ 1954ರವರೆಗೆ ಇತ್ತು, ಹೋಟೆಲ್ ಊಟ ಬಹಳ ಕೆಟ್ಟಿತ್ತು. ಪತ್ರಕರ್ತ ರೇಮಂಡ್ ಪೋಸ್ಟ್‌ಗೇಟ್ ಓದುಗರಿಂದ ವರದಿ ತರಿಸಿಕೊಂಡು 1951ರಲ್ಲಿ "ಗುಡ್ ಫುಡ್ ಗೈಡ್" ಹೊರತಂದರು. ಬರೆದವರು ತಾವೇ ದುಡ್ಡು ಕೊಟ್ಟು ಉಂಡ ಸಾಮಾನ್ಯ ಜನ. ಹೋಟೆಲಿನವರ ಜಾಹೀರಾತಿಗೆ ಜಾಗವಿರಲಿಲ್ಲ. ಇಂದಿಗೂ ಶಿಫಾರಸಿಗೆ ಇದಕ್ಕಿಂತ ಗಟ್ಟಿ ಅಡಿಪಾಯ ನನಗೆ ಕಾಣುವುದಿಲ್ಲ: ನಿಮ್ಮ ದುಡ್ಡು, ನಿಮ್ಮ ನಾಲಿಗೆ, ಮಾಲೀಕರಿಗೂ ನಿಮಗೂ ಸಂಬಂಧವಿಲ್ಲ. ಬಿಟ್ಟಿ ಊಟ ಮಾಡಿ ಬರೆದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಬೇಕು.

ಅಲ್ಲಿನ ಹಳ್ಳಿ ಪಬ್ಬುಗಳ ವಿಷಯದಲ್ಲಿ ಇನ್ನೂ ಸೊಗಸಾದ ಲೆಕ್ಕವಿದೆ. ಪೀಪಾಯಿಯಲ್ಲೇ ಹುದುಗು ಮುಂದುವರಿಯುವ ಏಲ್ ಎಂಬ ಬಿಯರನ್ನು ಉಳಿಸಲು 1971ರಲ್ಲಿ ಕ್ಯಾಮ್ರಾ ಎಂಬ ಸಂಘಟನೆ ಹುಟ್ಟಿತು. ಅದರ "ಗುಡ್ ಬಿಯರ್ ಗೈಡ್" 1974ರಿಂದ ಬರುತ್ತಿದೆ. ಯಾವ ಪಬ್ಬು ಸೇರಬೇಕು ಎಂದು ಆರಿಸುವವರು ಆಯಾ ಊರಿನ ಸದಸ್ಯರು. ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ತಂಪಿನಲ್ಲಿ ಇಡುವ ಆ ಪೀಪಾಯಿಗೆ ಒಮ್ಮೆ ಗಾಳಿ ಹೊಕ್ಕರೆ ಸುಮಾರು ಮೂರು ದಿನದಲ್ಲಿ ಖಾಲಿಯಾಗಬೇಕು. ಇಲ್ಲದಿದ್ದರೆ ರುಚಿ ಚಪ್ಪೆಯಾಗಿ ಕೊನೆಗೆ ವಿನೆಗರ್ ಹುಳಿ ಬರುತ್ತದೆ. ಫರ್ಕಿನ್ ಎಂಬ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪಿಂಟ್ ಹಿಡಿಯುತ್ತದೆ. ಮೂರು ದಿನಕ್ಕೆ ಹಂಚಿದರೆ ದಿನಕ್ಕೆ 24 ಪಿಂಟ್. ಐದು ಬಗೆಯ ಏಲ್ ಇಟ್ಟಿರುವ ಸಣ್ಣ ಹಳ್ಳಿಯ ಪಬ್ಬು ದಿನಕ್ಕೆ 120 ಪಿಂಟ್ ಮಾರದಿದ್ದರೆ ಯಾವುದೋ ಒಂದು ಪೀಪಾಯಿ ಕೆಡುತ್ತಿದೆ ಎಂದೇ ಅರ್ಥ. ಹಾಗಾಗಿ ಬಲ್ಲವರು ಎರಡೇ ಬಗೆ ಇಟ್ಟು ಚೆನ್ನಾಗಿ ಇಟ್ಟುಕೊಂಡ ಪಬ್ಬನ್ನು ಹೇಳುತ್ತಾರೆ. ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿ ಸಂಜೆ ಆರಕ್ಕೆ ತೆರೆಯುತ್ತದೆಯೇ, ಸೋಮವಾರ ಊಟ ಇದೆಯೇ, ಭಾನುವಾರದ ರೋಸ್ಟ್ ಊಟಕ್ಕೆ ಮೊದಲೇ ಹೇಳಿಡಬೇಕೇ ಎಂಬುದನ್ನೂ ಜೊತೆಗೇ ಹೇಳುತ್ತಾರೆ. ಬ್ರಿಟನ್ನಿನಲ್ಲಿರುವ ನಮ್ಮವರು ಊರಿಂದ ಬಂದ ತಂದೆ ತಾಯಿಯನ್ನು ಹಳ್ಳಿ ಕಡೆ ಕರೆದುಕೊಂಡು ಹೋಗುವಾಗ ಇನ್ನೊಂದನ್ನು ಗಮನಿಸಬೇಕು: ಹಲವು ಪಬ್ಬುಗಳಲ್ಲಿ ಮೇಜಿಗೆ ಯಾರೂ ಬರುವುದಿಲ್ಲ, ಕಟ್ಟೆಯ ಹತ್ತಿರ ಹೋಗಿ ಹೇಳಿ ದುಡ್ಡು ಕೊಟ್ಟು ಬರಬೇಕು. ಇದು ಗೊತ್ತಿಲ್ಲದೆ ಕೂತರೆ ಕೂತೇ ಇರಬೇಕಾಗುತ್ತದೆ.

ಆ ಪೀಪಾಯಿ ಲೆಕ್ಕವನ್ನೇ ನಮ್ಮ ಹೋಟೆಲಿಗೆ ಹಾಕಿ ನೋಡಿ. ಮೆನುವಿನಲ್ಲಿ ನೂರೈವತ್ತು ಐಟಂ ಇದೆ, ಆದರೆ ಸುತ್ತಲಿನ ಮೇಜುಗಳಲ್ಲಿ ಕಾಣುವುದು ನಾಲ್ಕೇ. ಉಳಿದವು ಯಾವಾಗಲೋ ಮಾಡಿಟ್ಟ ಗ್ರೇವಿಯಿಂದ ಹುಟ್ಟುತ್ತವೆ. ಸುತ್ತ ನೋಡಿ, ಹೆಚ್ಚು ಜನ ಏನು ತಿನ್ನುತ್ತಿದ್ದಾರೋ ಅದನ್ನೇ ತರಿಸಿ, ಅದನ್ನೇ ಶಿಫಾರಸು ಮಾಡಿ.

ಉತ್ತರ ಕರ್ನಾಟಕದ ಖಾನಾವಳಿಗೆ ಹೋಗೋಣ. ಅಲ್ಲಿ ಊಟದ ಹೊತ್ತು ಹನ್ನೆರಡೂವರೆಯಿಂದ ಎರಡೂವರೆ. ಎಲ್ಲಕ್ಕಿಂತ ಮೊದಲು ಕಿವಿಗೊಡಿ. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿದ್ದರೆ ಬಿಸಿರೊಟ್ಟಿ ಸಿಗುತ್ತದೆ. ಸದ್ದಿಲ್ಲದಿದ್ದರೆ ಬೆಳಿಗ್ಗೆ ತಟ್ಟಿ ಮುಚ್ಚಿಟ್ಟದ್ದು ಬರುತ್ತದೆ, ಇಲ್ಲವೇ ಕಡಕ್ ರೊಟ್ಟಿ. ಕಡಕ್ ರೊಟ್ಟಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಅದಕ್ಕೇ ಹೋಗುವವರಿದ್ದಾರೆ. ಯಾವುದು ಸಿಗುತ್ತದೆ ಎಂದು ಹೇಳಿ ಅಷ್ಟೇ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಹಿಟ್ಟಿಗೆ ಕುದಿಯುವ ನೀರು ಹೊಯ್ದು ನಾದಿದರೆ ಮಾತ್ರ ಜಿಗಿ ಬರುತ್ತದೆ. ಬೀಸಿ ವಾರಗಳಾದ ಹಿಟ್ಟಿನಲ್ಲಿ ಆ ಜಿಗಿಯೂ ಇರುವುದಿಲ್ಲ. ರೊಟ್ಟಿಯ ಅಂಚು ನೋಡಿ: ಸೀಳು ಸೀಳಾಗಿ ಬಿರಿದಿದ್ದರೆ ಹಳೆಯ ಹಿಟ್ಟು ಅಥವಾ ನಾದಿದ್ದು ಸಾಲದು. ವಿಜಯಪುರ, ಕಲಬುರಗಿ ಕಡೆಯ ಹಿಂಗಾರಿ ಬಿಳಿಜೋಳ, ರೈತರು ಮಾಲದಂಡಿ ಎನ್ನುವ ತಳಿ, ಸಿಹಿಯಾದ ರೊಟ್ಟಿ ಕೊಡುತ್ತದೆ. ಮಾಲೀಕರನ್ನು ಕೇಳಿದರೆ ಯಾವ ಜೋಳ ಎಂದು ಹೆಮ್ಮೆಯಿಂದ ಹೇಳುತ್ತಾರೆ.

ಊಟದ ಪಲ್ಯದಲ್ಲಿ ಎಣ್ಣೆಗಾಯಿ ಇರುತ್ತದೆ, ಒಂದು ಕಾಳು ಪಲ್ಯ ಇರುತ್ತದೆ. ಎಣ್ಣೆಗಾಯಿ ಬದನೆಕಾಯಿಯ ತೊಟ್ಟಿನ ಹತ್ತಿರ ಮುರಿದು ನೋಡಿ. ಮಸಾಲೆ ಅಲ್ಲಿಯವರೆಗೆ ಇಳಿದಿದ್ದರೆ ನಿಧಾನ ಉರಿಯಲ್ಲಿ ಬೆಂದಿದೆ. ತೊಟ್ಟಿನ ಕಡೆ ಬೆಳ್ಳಗೆ ಗಟ್ಟಿಯಾಗಿದ್ದರೆ ಕಾಯನ್ನು ಬೇರೆ ಬೇಯಿಸಿ ಮಸಾಲೆಯನ್ನು ಮೇಲೆ ಸುರಿದಿದ್ದಾರೆ. ಶೇಂಗಾ, ಗುರೆಳ್ಳು, ಅಗಸಿ, ಮೂರು ಚಟ್ನಿಪುಡಿಗಳಲ್ಲಿ ಬೇಗ ಕಮಟು ವಾಸನೆ ಹಿಡಿಯುವುದು ಅಗಸಿ. ಅದು ಚೆನ್ನಾಗಿದ್ದರೆ ಉಳಿದದ್ದೂ ಚೆನ್ನಾಗಿರುತ್ತದೆ ಎಂದು ನಂಬಬಹುದು. ಲಿಂಗಾಯತ ಖಾನಾವಳಿಯಲ್ಲಿ ಶುದ್ಧ ಸಸ್ಯಾಹಾರ. ಹುಬ್ಬಳ್ಳಿ, ಗದಗ ಕಡೆಯ ಸಾವಜಿ ಹೋಟೆಲುಗಳಲ್ಲಿ ಮಾಂಸದೂಟ, ಖಾರ ಜೋರು. ಎರಡನ್ನೂ "ಖಾನಾವಳಿ" ಎಂದೇ ಹೇಳಿ ಕಳಿಸಿಬಿಟ್ಟರೆ ಹೋದವರಿಗೆ ಫಜೀತಿ. ಬೆಂಗಳೂರಿನವರನ್ನು ಸಾವಜಿಗೆ ಕಳಿಸುವಾಗ ಮೊಸರು ತರಿಸಿಕೊಳ್ಳಲು ಹೇಳಿ.

ಹಳೆ ಮೈಸೂರು ಕಡೆಯ ಮಿಲಿಟರಿ ಹೋಟೆಲಿಗೆ ಹೊತ್ತೇ ಸರ್ವಸ್ವ. ಬೆಳಿಗ್ಗೆ ಕಾಲು ಸೂಪು, ಮಧ್ಯಾಹ್ನ ಮುದ್ದೆ, ಮೂರು ಗಂಟೆಗೆ ಪಾತ್ರೆ ತೊಳೆಯುವ ಸದ್ದು. ತಲೆಮಾಂಸ, ಬೋಟಿ, ಲಿವರ್ ಮೊದಲು ಮುಗಿಯುತ್ತವೆ, ಏಕೆಂದರೆ ಒಂದು ಕುರಿಯಲ್ಲಿ ಅವು ಇರುವುದೇ ಅಷ್ಟು. ಹನ್ನೆರಡೂವರೆಯೊಳಗೆ ಹೋದವರಿಗೆ ಸಿಗುತ್ತದೆ. ಮುದ್ದೆ ಬಿಸಿಯಿದ್ದಾಗ ಹೊಳಪಾಗಿ, ಬೆರಳಿಗೆ ಅಂಟದೆ ಬರಬೇಕು. ಅಂಟಿದರೆ, ಹಸಿ ಹಿಟ್ಟಿನ ವಾಸನೆ ಬಂದರೆ ಬೆಂದಿಲ್ಲ. ಮೇಲ್ಮೈಯಲ್ಲಿ ಪೊರೆ ಕಟ್ಟಿ ಬಿರುಕು ಬಿಟ್ಟಿದ್ದರೆ ಕಟ್ಟಿ ಬಹಳ ಹೊತ್ತಾಗಿದೆ. ವಾಪಸ್ ಕೊಟ್ಟು ಬಿಸಿ ಮುದ್ದೆ ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ದೊನ್ನೆ ಬಿರಿಯಾನಿಗೆ ಸಣ್ಣ ಕಾಳಿನ ಜೀರಗ ಸಾಂಬಾ ಅಕ್ಕಿ, ಪುದೀನ ಕೊತ್ತಂಬರಿಯ ಹಸಿರು ಮಸಾಲೆ. ಹಂಡೆ ತೆರೆದ ಮೊದಲ ಅರ್ಧ ಗಂಟೆಯಲ್ಲಿ ಕಾಳು ಬಿಡಿಬಿಡಿಯಾಗಿರುತ್ತದೆ. ತಳದ ಪಾಲಿಗೆ ಬರುವ ಹೊತ್ತಿಗೆ ಎಣ್ಣೆ ಇಳಿದು ಜಿಡ್ಡಾಗಿರುತ್ತದೆ, ಆದರೆ ಮಸಾಲೆ ಮತ್ತು ತುಂಡು ಹೆಚ್ಚು ಇರುತ್ತವೆ. ಕೆಲವರಿಗೆ ಅದೇ ಬೇಕು. ಹೊಸಕೋಟೆಯ ಬಿರಿಯಾನಿಗೆ ಭಾನುವಾರ ಬೆಳಕು ಹರಿಯುವ ಮುಂಚೆಯೇ ಸಾಲು ನಿಲ್ಲುತ್ತದೆ, ಅದನ್ನು ಹೇಳದೆ ಕಳಿಸಿದರೆ ಎಂಟಕ್ಕೆ ಹೋದವರು ಖಾಲಿ ಹಂಡೆ ನೋಡಿ ಬರುತ್ತಾರೆ.

ವಾರದ ಲೆಕ್ಕವೂ ಇದೆ. ಸೋಮವಾರ, ಶನಿವಾರ ಬಹಳ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ, ತಿನ್ನುವುದಿಲ್ಲ. ಶ್ರಾವಣದಲ್ಲಿ ಇನ್ನೂ ಕಡಿಮೆ. ಮಿಲಿಟರಿ ಹೋಟೆಲಿನ ಸರಕು ಆ ದಿನಗಳಲ್ಲಿ ನಿಧಾನವಾಗಿ ಖರ್ಚಾಗುತ್ತದೆ. ಯುಗಾದಿಯ ಮರುದಿನ ಹೊಸತೊಡಕಿಗೆ ಎಲ್ಲಿ ನೋಡಿದರೂ ನೂಕುನುಗ್ಗಲು. ತಾಜಾ ಮಾಂಸ ಖಂಡಿತ, ಸಾವಧಾನದ ಬಡಿಸುವಿಕೆ ಸಿಗದು. ವಾರದ ರಜೆಯನ್ನಂತೂ ಮರೆಯಲೇಬೇಡಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ದೂರದಿಂದ ಬಂದವರು ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದು ನೋಡಲು ನೋವಾಗುತ್ತದೆ. ಒಂದು ಪದ ಸೇರಿಸಿ ಹೇಳಿದ್ದರೆ ತಪ್ಪುತ್ತಿತ್ತು.

ಕರಾವಳಿಯಲ್ಲಿ ವಾರಕ್ಕಿಂತ ತಿಂಗಳು ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಸಿಗುವ ತಾಜಾ ಮೀನೆಂದರೆ ನಾಡದೋಣಿಯವರು ತಂದದ್ದು ಮತ್ತು ಹೊಳೆಮೀನು. ಉಳಿದದ್ದು ಹೊರಗಿನಿಂದ ಐಸ್‌ನಲ್ಲಿ ಬಂದದ್ದು. ಜನವರಿಯಲ್ಲಿ ತಿಂದು ಮೆಚ್ಚಿದ ಮೀನೂಟವನ್ನು ಜುಲೈಯಲ್ಲಿ ಹೋಗುವವರಿಗೆ ಹೇಳುವಾಗ ಈ ಮಾತು ಸೇರಲೇಬೇಕು. ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನುಗಳು ಬೇಗ ಹಾಳಾಗುತ್ತವೆ. ಮೊದಲು ಹೊಟ್ಟೆಯ ಭಾಗ ಒಡೆಯುತ್ತದೆ. ತಟ್ಟೆಗೆ ಬಂದ ಬಂಗುಡೆಯ ಹೊಟ್ಟೆ ಕರಗಿ ಮುಳ್ಳು ಹೊರಬಂದಿದ್ದರೆ ಅದು ಹಳೆಯದು. ತಾಜಾ ಅಂಜಲ್‌ನ ತಿರುಳು ಪದರ ಪದರವಾಗಿ ಬಿಡುತ್ತದೆ, ಹಳೆಯದು ಹಿಟ್ಟಾಗುತ್ತದೆ. ಹೊಸ ಹೋಟೆಲಿನಲ್ಲಿ ಮೊದಲ ಸಲ ತವಾ ಫ್ರೈ ತರಿಸಿ. ರವಾ ಫ್ರೈಯ ಗರಿಗರಿ ಹೊದಿಕೆಯಲ್ಲಿ ಮೀನಿನ ದೋಷ ಅಡಗಿಬಿಡುತ್ತದೆ. ಕಾಣೆ, ಮಾಂಜಿ, ಅಂಜಲ್‌ಗೆ ಗಾತ್ರದ ಮೇಲೆ ರೇಟು. ಹಸಿ ಮೀನು ತೋರಿಸಿ ರೇಟು ಹೇಳುವ ಹೋಟೆಲುಗಳಿವೆ, ಅಂಥ ಕಡೆ ನೋಡಿ ಒಪ್ಪಿಕೊಂಡು ತರಿಸಿದರೆ ಬಿಲ್ಲು ಬಂದಾಗ ಜಗಳವಿಲ್ಲ.

ಇನ್ನು ಜಾಗ ತೋರಿಸುವ ವಿಷಯ. ಮೈಲಾರಿ, ಸಾಗರ್, ಬಸವೇಶ್ವರ ಖಾನಾವಳಿ, ದಾವಣಗೆರೆ ಬೆಣ್ಣೆದೋಸೆ, ಇವು ನೂರು ಕಡೆ ಇರುವ ಹೆಸರುಗಳು. ನಜರ್‌ಬಾದಿನ ಒಂದೇ ರಸ್ತೆಯಲ್ಲಿ ಮೈಲಾರಿ ಹೆಸರಿನ ಹೋಟೆಲು ಒಂದಕ್ಕಿಂತ ಹೆಚ್ಚಿವೆ. "ಒರಿಜಿನಲ್" ಎಂದು ಫಲಕದಲ್ಲಿರುವುದು ಗುರುತಾಗುವುದಿಲ್ಲ. ರಸ್ತೆ, ಎದುರಿಗಿರುವ ಕಟ್ಟಡ, ಎಡವೋ ಬಲವೋ ಹೇಳಿ. ಹೆದ್ದಾರಿ ಹೋಟೆಲಿಗಂತೂ ಯಾವ ಊರಿನ ಕಡೆಯಿಂದ ಬರುವಾಗ ಯಾವ ಪಕ್ಕ ಎಂಬುದಿಲ್ಲದಿದ್ದರೆ ಶಿಫಾರಸು ವ್ಯರ್ಥ. ನಡುವೆ ವಿಭಜಕ, ತಿರುಗಿ ಬರಲು ಕಿಲೋಮೀಟರುಗಟ್ಟಲೆ. ಬೆಂಗಳೂರು–ಮೈಸೂರು ರಸ್ತೆ ಇದಕ್ಕೆ ದೊಡ್ಡ ಉದಾಹರಣೆ. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಬೈಪಾಸ್‌ನ ಆಚೆ ಉಳಿದವು. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ಬೇಕೆಂದರೆ ಈಗ ಮುಂಚಿತವಾಗಿ ಹೊರದಾರಿ ಹಿಡಿದು ಊರೊಳಗಿನ ಹಳೆ ರಸ್ತೆಗೆ ಇಳಿಯಬೇಕು. ತಪ್ಪಿದರೆ ಮುಂದಿನ ಹೊರದಾರಿಯವರೆಗೆ ಹಿಂತಿರುಗುವಂತಿಲ್ಲ. 2023ಕ್ಕಿಂತ ಮುಂಚಿನ ಶಿಫಾರಸುಗಳಲ್ಲಿ "ದಾರಿಯಲ್ಲೇ ಸಿಗುತ್ತದೆ" ಎಂದು ಬರೆದಿರುತ್ತದೆ. ಅದನ್ನು ನಂಬಿ ಹೊರಟವರು ನೇರ ಮೈಸೂರು ಮುಟ್ಟುತ್ತಾರೆ.

ಯಾರಿಗೆ ಹೇಳುತ್ತಿದ್ದೇವೆ ಎಂಬುದೂ ಮನಸ್ಸಿನಲ್ಲಿರಲಿ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ನಿಂತು ತಿನ್ನುವ ಪದ್ಧತಿ ಅಗ್ಗಕ್ಕೆ, ಬೇಗಕ್ಕೆ, ತಾಜಾತನಕ್ಕೆ ಒಳ್ಳೆಯದು. ಮಂಡಿನೋವಿನ ಅಜ್ಜಿಗೆ ಅದು ಆಗುವುದಿಲ್ಲ. ಕೂರಲು ಜಾಗ ಇದೆಯೇ, ಮೆಟ್ಟಿಲು ಎಷ್ಟು, ಹೆಂಗಸರಿಗೆ ಶೌಚಾಲಯ ಚೊಕ್ಕಟವಾಗಿದೆಯೇ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಸಿಗುತ್ತದೆಯೇ, ಇವು ರುಚಿಯಷ್ಟೇ ಮುಖ್ಯವಾದ ಸಂಗತಿಗಳು. ದೂರ ಪ್ರಯಾಣದ ದಾರಿಯಲ್ಲಿ ರುಚಿಗಿಂತಲೂ ಮುಖ್ಯ. ರೇಟು ಬರೆದರೆ ತಿಂಗಳು, ವರ್ಷ ಸೇರಿಸಿ. ಹೇಳಿ ಒಂದು ವರ್ಷವಾಗಿದ್ದರೆ, ಭಟ್ಟರು ಬದಲಾಗಿದ್ದಾರೆ ಎಂದು ತಿಳಿದರೆ, ಮತ್ತೊಮ್ಮೆ ಹೋಗಿ ತಿಂದು ನೋಡುವವರೆಗೆ ಆ ಶಿಫಾರಸನ್ನು ವಾಪಸ್ ತೆಗೆದುಕೊಳ್ಳಿ.

ಕೊನೆಯದಾಗಿ ಪಾರ್ಸೆಲ್. ಈಗ ಬಹಳಷ್ಟು ಅಭಿಪ್ರಾಯಗಳು ಮನೆಗೆ ತರಿಸಿಕೊಂಡು ತಿಂದವರವು. ಬಿಸಿ ದೋಸೆಯನ್ನು ಮುಚ್ಚಿದ ಡಬ್ಬದಲ್ಲಿಟ್ಟರೆ ಅದರ ಹಬೆಯೇ ಅದನ್ನು ಹತ್ತು ನಿಮಿಷದಲ್ಲಿ ಒದ್ದೆ ಮಾಡುತ್ತದೆ. ಉದ್ದಿನ ವಡೆಗೂ ಇದೇ ಗತಿ. ಪೂರಿಯಂತೂ ಚಕ್ಕಳವಾಗುತ್ತದೆ. ಆದ್ದರಿಂದ ಪಾರ್ಸೆಲ್ ತಿಂದು ಬರೆಯುವವರು ಹಾಗೆಂದು ಬರೆಯಲಿ, ಅದರಿಂದ ದೋಸೆಗೆ ಅಂಕ ಕೊಡುವುದು ಬೇಡ. ಪಾರ್ಸೆಲ್ಲಿಗೆ ಹೇಳಿಮಾಡಿಸಿದ ತಿಂಡಿಗಳು ಬೇರೆಯೇ ಇವೆ: ಬಿಸಿಬೇಳೆಬಾತ್ ಒಂದು ಗಂಟೆ ಕೂತರೆ ಇನ್ನೂ ಹದವಾಗುತ್ತದೆ, ಸ್ವಲ್ಪ ಬಿಸಿನೀರು ಬೆರೆಸಿ ಕಾಯಿಸಿದರೆ ಸಾಕು. ಪುಳಿಯೋಗರೆ ಸಂಜೆಯವರೆಗೆ ಇರುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ವಾರಗಟ್ಟಲೆ. ಚಿರೋಟಿ ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಕಲಸಿ ತೆಳ್ಳಗೆ ತಟ್ಟಿ ಕರಿದ ಮದ್ದೂರು ವಡೆ ಆರಿದ ಮೇಲೆ ಕಾಗದದಲ್ಲಿ ಸುತ್ತಿದರೆ ಮರುದಿನಕ್ಕೂ ಗರಿಯಾಗಿರುತ್ತದೆ. ಬಿಸಿಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿಕೊಳ್ಳಬೇಡಿ.